ಬೆಂಗಳೂರಿಂದ ಕಾಶಿಗೆ ಪೂರ್ತಿ ಬಸ್ಸಲ್ಲೇ, ಅದೂ ಹಗಲು ಹೊತ್ತು ಮಾತ್ರ. ಹೋಗಿ ಬಂದೋರು ಇದ್ದೀರಾ?

ಬಾಗೇಪಲ್ಲಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಸರ್ಕಾರಿ ಬಸ್ ಡ್ರೈವರ್ ಆಗಿ ರಿಟೈರ್ ಆದವರು, ಸರ್ವೀಸಲ್ಲಿ ಜಾಸ್ತಿ ಓಡಿಸಿದ್ದು ಬೆಂಗಳೂರು ಹೈದರಾಬಾದ್ ರೂಟು. ನಮ್ಮನೆ ಇರೋದೂ ಅದೇ ರೋಡ್ ಹತ್ರ. ಈಗ ಅದು 44, ಅಪ್ಪನ ಬಾಯಲ್ಲಿ ಇನ್ನೂ ಎನ್‌ಎಚ್ ಸೆವೆನ್ನೇ. 2010ರಲ್ಲಿ ನಂಬರೆಲ್ಲ ಬದಲಾಯಿಸೋಕೆ ಮುಂಚೆ ಆ ಏಳನೇ ನಂಬರ್ ಹೆದ್ದಾರಿ ಕಾಶಿಯಿಂದ ಕನ್ಯಾಕುಮಾರಿವರೆಗೂ ಒಂದೇ ರೋಡು, 2,369 ಕಿ.ಮೀ., ದೇಶದಲ್ಲೇ ಉದ್ದದ್ದು. ಅಪ್ಪ ಹೈದರಾಬಾದ್ ಆಚೆ ಹೋಗೇ ಇಲ್ಲ. ಕಾಶಿಗೆ ಕರ್ಕೊಂಡೋಗ್ತೀನಿ ಅಂದ್ರೆ ಟ್ರೈನ್ ಬೇಡ ವಿಮಾನ ಬೇಡ, "ಅಷ್ಟು ವರ್ಷ ಹೈದರಾಬಾದಿನ ಇಮ್ಲಿಬನ್ ಬಸ್ ಸ್ಟ್ಯಾಂಡಿಂದ ಗಾಡಿ ತಿರುಗಿಸ್ಕೊಂಡು ಬಂದಿದೀನಿ, ಮುಂದಿನ ರೋಡ್ ಹೆಂಗೈತೆ ನೋಡ್ಬೇಕು, ರಾತ್ರಿ ಮಲ್ಕೊಂಡು ಹೋಗೋದಾದ್ರೆ ಯಾಕೆ ಬರ್ಲಿ" ಅಂತಾರೆ.

ಅಪ್ಪಂಗೆ 66, ಆರೋಗ್ಯ ಪರವಾಗಿಲ್ಲ, ಮಂಡಿ ನೋವು ಇದೆ, ಜಾಸ್ತಿ ಹೊತ್ತು ಒಂದೇ ಕಡೆ ಕೂತ್ರೆ ಎದ್ದೇಳೋದು ಕಷ್ಟ. ಅಪ್ಪ ಮಗಳು ಇಬ್ರೇ. ನಂಗೆ ರಜಾ ಸಿಗೋದು ದಸರಾಕ್ಕೆ ಇಲ್ಲಾಂದ್ರೆ ಬೇಸಿಗೇಲಿ. ಹೈದರಾಬಾದ್‌ವರೆಗೆ ನಮಗೆ ಗೊತ್ತು, ಭಾಷೆನೂ ತೊಂದ್ರೆ ಇಲ್ಲ, ನಮ್ಮ ಕಡೆ ಎಲ್ಲರಿಗೂ ತೆಲುಗು ಬರತ್ತೆ. ಅಲ್ಲಿಂದ ಮುಂದೆ ಎಲ್ಲೆಲ್ಲಿ ಇಳ್ಕೊಳೋದು, ಮಧ್ಯಪ್ರದೇಶದಲ್ಲಿ ಸರ್ಕಾರಿ ಬಸ್ ಸಿಗತ್ತಾ, ಮುಂಚೆನೇ ಬುಕ್ ಮಾಡ್ಬೇಕಾ, ಹೆಂಗಸರಿಗೆ ಟಾಯ್ಲೆಟ್ ಕಥೆ ಏನು, ಗೊತ್ತಿರೋರು ಸ್ವಲ್ಪ ವಿವರವಾಗಿ ಹೇಳಿ ಪ್ಲೀಸ್.

ಹಳೇ ಏಳು:

ಮೇಡಂ, ಆರಾಮಾಗಿ ಆಗತ್ತೆ. ನಾನು ನಮ್ಮ ಮಾವನ ಜೊತೆ ಇದೇ ರೋಡಲ್ಲಿ ಹೀಗೇ ಹಗಲು ಹೊತ್ತು ಹೋಗಿದ್ದೆ, ಅವರಿಗೂ ವಯಸ್ಸಾಗಿತ್ತು. ಮೊದಲನೇ ಮಾತು, ಬೆಂಗಳೂರು ಕಾಶಿ ಅಂತ ಒಂದೇ ಬಸ್ ಹುಡುಕ್ಬೇಡಿ. ಇದು ಹೆಚ್ಚುಕಮ್ಮಿ 1,800 ಕಿ.ಮೀ., ಆರು ರಾಜ್ಯ. ದಿನಕ್ಕೆ ಆರೇಳು ಗಂಟೆಗಿಂತ ಜಾಸ್ತಿ ಕೂರಬಾರದು ಅಂತ ಒಂದು ಲೆಕ್ಕ ಇಟ್ಕೊಂಡು ಜಿಲ್ಲಾ ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ ಹೋಗ್ತಾ ಇರಿ. ಜಿಲ್ಲಾ ಕೇಂದ್ರ ಯಾಕಂದ್ರೆ ಅಲ್ಲಿ ಡಿಪೋ ಇರತ್ತೆ, ಬಸ್ ಅಲ್ಲಿಂದಲೇ ಹೊರಡತ್ತೆ, ಖಾಲಿ ಸೀಟ್ ಸಿಗತ್ತೆ, ಸ್ಟ್ಯಾಂಡ್ ಎದುರಿಗೇ ಲಾಡ್ಜ್ ಇರತ್ತೆ. ದಾರಿ ಮಧ್ಯದ ಸಣ್ಣೂರಲ್ಲಿ ಇಳಿದ್ರೆ ಮಾರನೇ ದಿನ ಬರೋ ಬಸ್ಸೆಲ್ಲ ತುಂಬ್ಕೊಂಡೇ ಬಂದಿರತ್ತೆ, ಮಂಡಿ ನೋವಿರೋರು ನಿಂತು ಹೋಗೋಕಾಗಲ್ಲ.

ಹೈದರಾಬಾದ್‌ವರೆಗೆ ಗೊತ್ತು ಅಂದ್ರಿ, ಆದ್ರೂ ಅದನ್ನೂ ಒಂದೇ ದಿನಕ್ಕೆ ಮುಗಿಸ್ಬೇಡಿ. ನಿಮ್ಮೂರಿಂದ ಅನಂತಪುರ, ಅಲ್ಲಿ ಬಸ್ ಬದಲಾಯಿಸಿ ಕರ್ನೂಲು, ಅಲ್ಲೇ ಉಳ್ಕೊಳಿ. ಸಂಜೆ ಕೊಂಡಾರೆಡ್ಡಿ ಬುರುಜು ನೋಡಬಹುದು, ಊರ ಮಧ್ಯದಲ್ಲೇ ಇದೆ. ಬೆಳಿಗ್ಗೆ ಉಗ್ಗಾಣಿ ಮೆಣಸಿನಕಾಯಿ ಬಜ್ಜಿ ತಿಂದು ಹೊರಟ್ರೆ ಮಧ್ಯಾಹ್ನದೊಳಗೆ ಹೈದರಾಬಾದ್.

ಈಗ ನಿಮ್ಮ ತಂದೆಯವರಿಗೆ ಹೊಸದು ಶುರುವಾಗೋ ಜಾಗ. ಅವರ ಇಮ್ಲಿಬನ್ ಅಂದ್ರೆ ಎಂಜಿಬಿಎಸ್, ಮಹಾತ್ಮ ಗಾಂಧಿ ಬಸ್ ಸ್ಟೇಷನ್. ಆದಿಲಾಬಾದ್, ನಾಗಪುರ ಕಡೆ ಹೋಗೋಕೆ ಸಿಕಂದರಾಬಾದಿನ ಜೆಬಿಎಸ್, ಅಂದ್ರೆ ಜುಬಿಲಿ ಬಸ್ ಸ್ಟೇಷನ್, ಅನುಕೂಲ. ಮುಂಚೆ ಲಗೇಜ್ ಹೊತ್ಕೊಂಡು ಸಿಟಿ ಬಸ್ಸಲ್ಲೋ ಆಟೋದಲ್ಲೋ ಆ ಟ್ರಾಫಿಕ್ಕಲ್ಲಿ ದಾಟಬೇಕಿತ್ತು, 2020ರ ಫೆಬ್ರವರಿಯಿಂದ ಈ ಎರಡು ಸ್ಟ್ಯಾಂಡಿಗೂ ನೇರ ಮೆಟ್ರೋ ಬಂದಿದೆ, ಗ್ರೀನ್ ಲೈನ್, ಒಂದು ತುದಿ ಎಂಜಿಬಿಎಸ್ಸು ಇನ್ನೊಂದು ತುದಿ ಜೆಬಿಎಸ್ಸು, ಲಿಫ್ಟ್ ಇದೆ, ಮಧ್ಯೆ ಎಲ್ಲೂ ಇಳಿದು ಬದಲಾಯಿಸ್ಬೇಕಾಗಿಲ್ಲ. ಜೆಬಿಎಸ್ ಸುತ್ತಮುತ್ತ ರೂಮ್ ಮಾಡಿ, ಬೆಳಿಗ್ಗೆ ನಡ್ಕೊಂಡು ಹೋಗಿ ಬಸ್ ಹತ್ತಬಹುದು.

ತೆಲಂಗಾಣದಲ್ಲಿ ಒಂದು ವಿಷಯ. 2023ರ ಡಿಸೆಂಬರಿಂದ ಅಲ್ಲೂ ನಮ್ಮ ಶಕ್ತಿ ಥರ ಹೆಂಗಸರಿಗೆ ಫ್ರೀ ಇದೆ, ಪಲ್ಲೆವೆಲುಗು (ಹಳ್ಳಿ ಕಡೆ ಓಡೋ ಆರ್ಡಿನರಿ) ಮತ್ತು ಎಕ್ಸ್‌ಪ್ರೆಸ್ ಬಸ್ಸಲ್ಲಿ. ಅದು ಆ ರಾಜ್ಯದವರಿಗೆ ಮಾತ್ರ, ನಿಮ್ಮ ಆಧಾರ್ ನಡಿಯಲ್ಲ. ಆದ್ರೆ ಅದರಿಂದ ಎಕ್ಸ್‌ಪ್ರೆಸ್ ಬಸ್ಸುಗಳು ಯಾವಾಗಲೂ ಫುಲ್. ಹಾಗಾಗಿ ಆದಿಲಾಬಾದಿಗೆ ಸೂಪರ್ ಲಗ್ಜುರಿನೇ ಬುಕ್ ಮಾಡಿ, ಪುಷ್‌ಬ್ಯಾಕ್ ಸೀಟು, ನಿಂತ್ಕೊಳೋರ ಕಾಟ ಕಮ್ಮಿ, ಕಾಲು ಚಾಚೋಕೂ ಜಾಗ. ದಾರಿ 300 ಕಿ.ಮೀ. ಹತ್ರ. ಮೇಡ್ಚಲ್, ಕಾಮಾರೆಡ್ಡಿ, ಆರ್ಮೂರು. ಆರ್ಮೂರ್ ಬಂದಾಗ ಎದ್ದಿರಿ, ಊರ ಪಕ್ಕದ ಆ ಬಂಡೆ ಗುಡ್ಡ ಇಡೀ ತೆಲಂಗಾಣದಲ್ಲಿ ನಂಗೆ ಇಷ್ಟವಾದ ನೋಟ. ಆಮೇಲೆ ಸೋನ್ ಹತ್ರ ಗೋದಾವರಿ ದಾಟ್ತೀರಿ, ನಿರ್ಮಲ್, ಅಲ್ಲಿಂದ ಘಾಟಿ ಶುರು, ತೇಗದ ಕಾಡು. ಡ್ರೈವರ್ ಆಗಿದ್ದೋರಿಗೆ ಆ ಘಾಟಿ ಖಂಡಿತ ಹಿಡಿಸತ್ತೆ.

ಒಂದು ಕೆಲಸ ಮಾಡಿ, ನದಿಗಳ ಪಟ್ಟಿ ಬರೆದು ಅಪ್ಪನ ಕೈಗೆ ಕೊಡಿ. ನಿಮ್ಮೂರ ಚಿತ್ರಾವತಿ ಬಿಟ್ರೆ, ಕರ್ನೂಲಲ್ಲಿ ತುಂಗಭದ್ರಾ, ಬೀಚುಪಲ್ಲಿ ಹತ್ರ ಕೃಷ್ಣಾ, ಸೋನ್ ಹತ್ರ ಗೋದಾವರಿ, ಆದಿಲಾಬಾದ್ ದಾಟಿದ ಮೇಲೆ ಪೈನ್‌ಗಂಗಾ, ಆಮೇಲೆ ವರ್ಧಾ, ಜಬಲ್‌ಪುರದ ಬಾಗಿಲಲ್ಲಿ ನರ್ಮದಾ, ಕೊನೆಗೆ ಮಿರ್ಜಾಪುರದಲ್ಲಿ ಗಂಗಾ. ದಕ್ಷಿಣದ ನದಿಗಳನ್ನೆಲ್ಲ ಒಂದೊಂದಾಗಿ ದಾಟಿ ಗಂಗೆ ತಲುಪೋದು, ಹಿಂದಿನವರು ನಡ್ಕೊಂಡು ಹೋಗ್ತಿದ್ದಿದ್ದೂ ಹೆಚ್ಚುಕಮ್ಮಿ ಇದೇ ದಿಕ್ಕಲ್ಲಿ. ವಿಮಾನದಲ್ಲಿ ಹೋದೋರಿಗೆ ಇದು ಗೊತ್ತಾಗಲ್ಲ, ರಾತ್ರಿ ಬಸ್ಸಲ್ಲಿ ಹೋದೋರಿಗೂ ಗೊತ್ತಾಗಲ್ಲ. ನಿಮ್ಮ ತಂದೆ ಹೇಳಿದ್ದು ನೂರಕ್ಕೆ ನೂರು ಸರಿ.

ಕಡಲ ತಡಿ:

ಬೇಜಾರ್ ಮಾಡ್ಬೇಡಿ ಟೀಚರೇ, ಆದ್ರೆ 66 ವರ್ಷದವರನ್ನು 1,800 ಕಿಲೋಮೀಟರ್ ಬಸ್ಸಲ್ಲಿ ಕರ್ಕೊಂಡು ಹೋಗ್ಲಿಕ್ಕೆ ನಂಗೆ ಧೈರ್ಯ ಇಲ್ಲ. ಅದೇ ರೋಡಲ್ಲಿ 2013ರ ಅಕ್ಟೋಬರಲ್ಲಿ ಮೆಹಬೂಬ್‌ನಗರದ ಪಾಲೆಂ ಹತ್ರ ಬೆಂಗಳೂರಿಂದ ಹೋಗ್ತಿದ್ದ ಬಸ್ಸಿಗೆ ಬೆಂಕಿ ಬಿದ್ದು 45 ಜನ ಹೋದ್ರು, 2025ರ ಅಕ್ಟೋಬರಲ್ಲಿ ಕರ್ನೂಲು ಹತ್ರ ಪುನಃ ಅದೇ ಥರ, ಸ್ಲೀಪರ್ ಬಸ್ಸು, ಮಲಗಿದ್ದವರಿಗೆ ಏಳ್ಲಿಕ್ಕೂ ಆಗ್ಲಿಲ್ಲ. ನಮ್ಮ ಪರಿಚಯದ ಕುಟುಂಬದವರು ಎಷ್ಟೋ ಸಲ ಆ ರೂಟಲ್ಲಿ ಓಡಾಡ್ತಾರೆ, ಆ ಸುದ್ದಿ ನೋಡಿದಾಗೆಲ್ಲ ಹೊಟ್ಟೆಯೊಳಗೆ ಒಂಥರ ಆಗ್ತದೆ. ಮೈಸೂರು ವಾರಣಾಸಿ ರೈಲು ಉಂಟು, ಕಾಲು ಚಾಚಿ ಮಲಗಬಹುದು, ಟಾಯ್ಲೆಟ್ ಉಂಟು. ಬಸ್ಸೇ ಯಾಕೆ?

ಹಳೇ ಏಳು:

ಸರ್, ನೀವು ಹೇಳಿದ್ದು ಸುಮ್ಮನೆ ತಳ್ಳಿ ಹಾಕೋ ಮಾತಲ್ಲ. ಆದ್ರೆ ಆ ಎರಡೂ ಆಗಿದ್ದು ಬೆಳಗಿನ ಜಾವ, ಎರಡೂ ರಾತ್ರಿ ಓಡೋ ಬಸ್ಸುಗಳು. ಎಲ್ಲರೂ ನಿದ್ದೇಲಿರ್ತಾರೆ, ಕತ್ತಲು, ಹೊಗೆ ತುಂಬಿದ್ರೆ ಬಾಗಿಲು ಯಾವ ಕಡೆ ಅಂತ ಗೊತ್ತಾಗಲ್ಲ. ಅದಕ್ಕೇ ಹಗಲು ಹೊತ್ತು, ಕೂತ್ಕೊಳೋ ಸೀಟಿನ ಬಸ್ಸು ಅಂತ ನಾನು ಮತ್ತೆ ಮತ್ತೆ ಹೇಳೋದು. ಯಾವ ಬಸ್ ಹತ್ತಿದ್ರೂ ಮೊದಲು ಎಮರ್ಜೆನ್ಸಿ ಡೋರ್ ಎಲ್ಲಿದೆ ನೋಡಿ, ಅದರ ಅಡ್ಡ ಮೂಟೆ ಇಟ್ಟಿದ್ರೆ ತೆಗೆಸಿ, ಎಸಿ ಬಸ್ ಆದ್ರೆ ಗಾಜು ಒಡೆಯೋ ಸುತ್ತಿಗೆ ಅದರ ಜಾಗದಲ್ಲಿ ಇದೆಯಾ ನೋಡಿ. ಇಲ್ಲಾಂದ್ರೆ ಕೇಳಿ, ಕೇಳೋಕೆ ಸಂಕೋಚ ಪಟ್ಕೋಬೇಡಿ. ವಾಪಸ್ ಬರೋಕೆ ಮಾತ್ರ ರೈಲು ಒಳ್ಳೇದು, ಅದು ನಾನೂ ಒಪ್ತೀನಿ, ಬರೋವಾಗ ಮೈ ಸುಸ್ತಾಗಿರತ್ತೆ.

ವಿದರ್ಭದಲ್ಲಿ ಕನ್ನಡಿಗ:

ನಮಸ್ಕಾರ ಮೇಡಂ, ಕೆಲಸದ ಮೇಲೆ ನಾಗಪುರದಲ್ಲಿ ಇದ್ದೀನಿ, ಊರು ಹಾಸನ. ನಮ್ಮ ಏರಿಯಾ ಬಗ್ಗೆ ಹೇಳ್ತೀನಿ.

ಆದಿಲಾಬಾದಿಂದ ನಾಗಪುರಕ್ಕೆ 200 ಕಿ.ಮೀ. ಒಳಗೇ. ಇಲ್ಲಿಯ ಸರ್ಕಾರಿ ಬಸ್ಸಿಗೆ ಎಲ್ಲರೂ ಎಸ್‌ಟಿ ಅಂತಾರೆ, ಕೆಂಪು ಬಸ್ಸಿಗೆ ಲಾಲ್ ಪರಿ ಅಂತ ಮುದ್ದಿನ ಹೆಸರೂ ಇದೆ. ಪಾಂಢರಕವಡಾ, ಹಿಂಗಣಘಾಟ್, ಬೂಟಿಬೋರಿ, ಆಮೇಲೆ ನಾಗಪುರ. ಎಸ್‌ಟಿ ಬಸ್ಸಲ್ಲಿ ನಿಮ್ಮ ತಂದೆಯವರು ಗಮನಿಸೋದು ಒಂದಿದೆ. ನಮ್ಮಲ್ಲಿ ಕಂಡಕ್ಟರ್ ಸೀಟಿ ಊದ್ತಾರೆ, ಇಲ್ಲಾಂದ್ರೆ ರೈಟ್ ರೈಟ್ ಅಂತಾರೆ, ಇಲ್ಲಿ ಹಿಂದಿಂದ ಮುಂದಿನವರೆಗೆ ತಾರಿಗೆ ಸೇರಿಸಿದ ಹಗ್ಗ ಇರತ್ತೆ, ಡ್ರೈವರ್ ತಲೆ ಹತ್ರ ಗಂಟೆ. ಒಂದು ಸಲ ಎಳೆದ್ರೆ ನಿಲ್ಲಿಸು, ಎರಡು ಸಲ ಎಳೆದ್ರೆ ಹೊರಡು. ಕಂಡಕ್ಟರ್ ಟಿಕೆಟ್ ಮಷಿನ್ ಒಂದು ಕೈಯಲ್ಲಿ ಹಿಡ್ಕೊಂಡು ಹಿಂದಿನ ಸೀಟಿಂದಲೇ ತಲೆ ಎತ್ತದೆ ಹಗ್ಗ ಎಳೀತಾರೆ, ಟಣ್ ಟಣ್, ಗಾಡಿ ಹೊರಟೇ ಬಿಡತ್ತೆ, ಇಬ್ಬರ ಮಧ್ಯೆ ಒಂದು ಮಾತಿಲ್ಲ. ನಾನು ಬಂದ ಹೊಸತರಲ್ಲಿ ಅದನ್ನೇ ನೋಡ್ತಾ ಕೂತಿರ್ತಿದ್ದೆ.

ದಸರಾ ಆದ ಮೇಲೆ ಬಂದ್ರೆ ಈ ದಾರಿ ಪೂರ್ತಿ ಹತ್ತಿ ಹೊಲ. ಎರಡೂ ಕಡೆ ಕಪ್ಪು ಮಣ್ಣು, ಹತ್ತಿ ಬಿಡಿಸ್ತಾ ಇರೋ ಹೆಂಗಸರು, ಟ್ರ್ಯಾಕ್ಟರಲ್ಲಿ ಎತ್ತರಕ್ಕೆ ಪೇರಿಸ್ಕೊಂಡು ಹಿಂಗಣಘಾಟ್ ಮಾರ್ಕೆಟ್ಟಿಗೆ ಹೋಗ್ತಿರ್ತಾರೆ, ರೋಡ್ ಪಕ್ಕದ ಜಾಲಿ ಮುಳ್ಳಿಗೆಲ್ಲ ಹತ್ತಿ ಎಳೆ ಸಿಕ್ಕಿಕೊಂಡಿರತ್ತೆ. ಬಳ್ಳಾರಿ ರಾಯಚೂರು ಕಡೆಯವರಿಗೆ ನಮ್ಮೂರೇ ಅನ್ಸತ್ತೆ.

ನಾಗಪುರದಲ್ಲಿ ಒಂದು ಪೂರ್ತಿ ದಿನ ರೆಸ್ಟ್ ಇಡಿ. ಎಸ್‌ಟಿ ಸ್ಟ್ಯಾಂಡು ಗಣೇಶಪೇಟೆ, ಹತ್ರದಲ್ಲೇ ಲಾಡ್ಜ್ ಬೇಕಾದಷ್ಟು. ಬೆಳಿಗ್ಗೆ ತರಿ ಪೋಹಾ ತಿನ್ನಿ, ಅವಲಕ್ಕಿ ಮೇಲೆ ಖಾರದ ಕಡಲೆ ರಸ ಹಾಕಿ ಕೊಡ್ತಾರೆ, ಅಪ್ಪನಿಗೆ ಖಾರ ಆಗದೇ ಇದ್ರೆ ರಸ ಕಮ್ಮಿ ಅಂತ ಹೇಳಿ. ಝೀರೋ ಮೈಲ್ ಕಲ್ಲು ನೋಡಿಸಿ, ಬ್ರಿಟಿಷರ ಸರ್ವೇ ಕಾಲದ್ದು, ಕಲ್ಲಿನ ಕಂಬ, ಪಕ್ಕದಲ್ಲಿ ನಾಲ್ಕು ಕುದುರೆ. ದೇಶದ ನಡುಮಧ್ಯ ಇದೇ ಅಂತ ಇಲ್ಲಿಯವರ ನಂಬಿಕೆ, ಆ ರೋಡ್ ಮೇಲೆ ಜೀವನ ಕಳೆದವರಿಗೆ ಅದರ ಮುಂದೆ ನಿಂತು ಒಂದು ಫೋಟೋ ಬೇಕೇ ಬೇಕು.

ಜಬಲ್‌ಪುರದ ಬಸ್ಸು ಮಾತ್ರ ಮಧ್ಯಪ್ರದೇಶದ ಪ್ರೈವೇಟ್ ಗಾಡಿಗಳೇ ಜಾಸ್ತಿ, ನಿಲ್ಲೋ ಜಾಗನೂ ಬೇರೆ ಇರತ್ತೆ, ಅದಕ್ಕೇ ರೆಸ್ಟ್ ದಿನ ಹೋಗಿ ಜಾಗ ನೋಡಿ ಸೀಟು ಹಿಡಿದು ಬನ್ನಿ. ಮನಸರ್ ದಾಟಿದ ಮೇಲೆ ಪೆಂಚ್ ಹುಲಿ ಕಾಡು. ಅಲ್ಲಿ ಒಂಬತ್ತು ಕಡೆ ರೋಡನ್ನ ಮೇಲಕ್ಕೆ ಎತ್ತಿ ಕೆಳಗಡೆ ಪ್ರಾಣಿಗಳಿಗೆ ಓಡಾಡೋ ದಾರಿ ಬಿಟ್ಟಿದ್ದಾರೆ, ಗಾಡಿ ಲೈಟು ಸದ್ದು ಕೆಳಗೆ ಹೋಗಬಾರದು ಅಂತ ಅಂಚಲ್ಲಿ ಗೋಡೆ ಥರ ತಡೆ ಕಟ್ಟಿದ್ದಾರೆ. ಹುಲಿಗಳೇ ಅದರ ಕೆಳಗೆ ಓಡಾಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ನಮ್ಮ ಬಂಡೀಪುರದ ರಾತ್ರಿ ಗಾಡಿ ಜಗಳ ನೋಡಿದೋರು ಇದನ್ನ ಒಂದ್ಸಲ ನೋಡ್ಬೇಕು. ಬಸ್ಸಲ್ಲಿ ಕೂತೋರಿಗೆ ಆ ತಡೆಗೋಡೆ ಬಂದಾಗ ಕಾಡು ಮರೆಯಾಗತ್ತೆ, ಮುಗಿದ ತಕ್ಷಣ ಮತ್ತೆ ಕಾಣತ್ತೆ, ಹಾಗೆ ಲೆಕ್ಕ ಹಾಕಬಹುದು.

ಬಾಗೇಪಲ್ಲಿ ಟೀಚರ್:

ಅಯ್ಯೋ ಇಷ್ಟೆಲ್ಲಾ ಬರೆದಿದ್ದೀರಾ, ತುಂಬಾ ಥ್ಯಾಂಕ್ಸ್. ಅಪ್ಪಂಗೆ ಓದಿ ಹೇಳಿದೆ, ಆ ಗಂಟೆ ಹಗ್ಗದ ವಿಷಯ ಎರಡು ಸಲ ಓದಿಸಿದ್ರು. ನದಿ ಪಟ್ಟಿನೂ ಬರ್ಕೊಂಡಿದ್ದಾರೆ. ಕಡಲ ತಡಿ ಸರ್, ನಿಮ್ಮ ಭಯ ನಂಗೂ ಇದೆ, ಅದಕ್ಕೇ ರಾತ್ರಿ ಬಸ್ ಒಂದೂ ಬೇಡ ಅಂತ ತೀರ್ಮಾನ ಮಾಡಿದೀವಿ.

ಈಗ ಉಳಿದಿರೋದು ಮಧ್ಯಪ್ರದೇಶ. ಅಲ್ಲಿ ಸರ್ಕಾರಿ ಬಸ್ಸೇ ಇಲ್ವಾ? ಮತ್ತೆ ಟಾಯ್ಲೆಟ್ ವಿಷಯ ಯಾರಾದ್ರೂ ಹೆಂಗಸರು ಹೇಳಿದ್ರೆ ಒಳ್ಳೇದು. ದಸರಾ ರಜಾದಲ್ಲಿ ಹೋದ್ರೆ ಓಕೆನಾ?

ಕಿಟಕಿ ಸೀಟು:

ಹಾಯ್ ಟೀಚರ್, ನಾನು ಅಮ್ಮನ ಜೊತೆ ನಾಗಪುರದಿಂದ ಕಾಶಿವರೆಗೆ ಬಸ್ಸಲ್ಲಿ ಹೋಗಿದ್ದೀನಿ.

ದಸರಾ ರಜಾ ಅಂದ್ರೆ ಸರಿಯಾಗಿ ನವರಾತ್ರಿ. ನಿಮ್ಮ ದಾರೀಲಿ ಎರಡು ದೊಡ್ಡ ದೇವಿ ಕ್ಷೇತ್ರ ಬರತ್ತೆ, ಮೈಹರ್ ಶಾರದಾ ದೇವಿ ಮತ್ತೆ ಮಿರ್ಜಾಪುರದ ಹತ್ರ ವಿಂಧ್ಯಾಚಲ. ಆ ಒಂಬತ್ತು ದಿನ ಜಬಲ್‌ಪುರದಿಂದ ಮುಂದೆ ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ, ಲಾಡ್ಜ್ ರೇಟೂ ಏರಿರತ್ತೆ. ರಜಾ ಶುರುವಾದಾಗ ಹೊರಡ್ಬೇಡಿ, ವಿಜಯದಶಮಿ ಹೊತ್ತಿಗೆ ನಾಗಪುರದ ಈಚೆ ಇರೋ ಹಾಗೆ ಹೊರಡಿ, ಆ ಜನ ಎಲ್ಲ ವಾಪಸ್ ಹೋಗ್ತಾ ಇರೋವಾಗ ನೀವು ಆ ಕಡೆ ಹೋಗ್ತೀರಿ. ನಾಗಪುರದಲ್ಲೂ ವಿಜಯದಶಮಿ ಹೊತ್ತಿಗೆ ದೀಕ್ಷಾಭೂಮಿಗೆ ಲಕ್ಷಗಟ್ಟಲೆ ಜನ ಬರ್ತಾರೆ, 1956ರಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ತಗೊಂಡ ಜಾಗ, ಹಾಗಾಗಿ ಅಲ್ಲೂ ಒಂದೆರಡು ದಿನ ಬಿಟ್ಟು ರೂಮ್ ಮಾಡಿ. ಬೇಸಿಗೆ ಬೇಡವೇ ಬೇಡ, ಮೇ ತಿಂಗಳಲ್ಲಿ ನಾಗಪುರ 45 ಡಿಗ್ರಿ ಮುಟ್ಟತ್ತೆ, ನಾನ್ ಎಸಿ ಬಸ್ಸಿನ ಕಿಟಕಿ ಕಂಬಿ ಮುಟ್ಟೋಕಾಗಲ್ಲ. ಡಿಸೆಂಬರ್ ಕೊನೆ, ಜನವರಿಯಲ್ಲಿ ರೀವಾ ಆಚೆ ಮಂಜು, ಬೆಳಗಿನ ಬಸ್ಸು ಯಾವಾಗ ತಲುಪತ್ತೆ ಅಂತ ಹೇಳೋಕಾಗಲ್ಲ, ಮಂಡಿ ನೋವಿಗೆ ಆ ಚಳಿನೂ ಆಗಲ್ಲ.

ಟಾಯ್ಲೆಟ್. ತೆಲಂಗಾಣ, ಮಹಾರಾಷ್ಟ್ರದವರೆಗೆ ಬಸ್ಸುಗಳು ಡಿಪೋ ಡಿಪೋ ಒಳಗೆ ಹೋಗಿ ಬರ್ತಾವೆ, ಪ್ರತಿ ಸ್ಟ್ಯಾಂಡಲ್ಲೂ ದುಡ್ಡು ಕೊಟ್ಟು ಹೋಗೋ ಟಾಯ್ಲೆಟ್ ಇರತ್ತೆ, ಕ್ಲೀನ್ ಇರತ್ತೆ ಅಂತ ಹೇಳಲ್ಲ, ಬಾಗಿಲು ಚಿಲಕ ಇರತ್ತೆ. ಇಳಿಯೋ ಮುಂಚೆ ಕಂಡಕ್ಟರಿಗೆ ಹೇಳಿ ಇಳೀರಿ, ಬಸ್ ನಂಬರ್ ಪ್ಲೇಟ್ ಫೋಟೋ ತಗೊಳಿ, ಒಂದೇ ಬಣ್ಣದ ಬಸ್ಸು ಸಾಲಾಗಿ ನಿಂತಿರತ್ತೆ. ಮಧ್ಯಪ್ರದೇಶದಲ್ಲಿ ಪ್ರೈವೇಟ್ ಬಸ್ಸು ಢಾಬಾ ಹತ್ರ ನಿಲ್ಲಿಸ್ತಾರೆ, ಹೆಂಗಸರಿಗೆ ಅಲ್ಲಿ ಅನುಕೂಲ ಇದೆಯೋ ಇಲ್ವೋ ನೋಡಿ ನಿಲ್ಲಿಸೋರು ಕಮ್ಮಿ. ಅಮ್ಮ ನೀರೇ ಕುಡೀದೆ ಕೂತಿದ್ರು, ಸಂಜೆ ಹೊತ್ತಿಗೆ ತಲೆಸುತ್ತು ಬಂತು. ಹಾಗೆ ಮಾಡ್ಬೇಡಿ. ಬದಲಿಗೆ ಬಸ್ ಹತ್ತೋವಾಗಲೇ ಹೆಲ್ಪರ್‌ಗೆ ಮೊದಲೇ ಹೇಳಿಡಿ, ಮಹಿಳೆಯರಿದ್ದಾರೆ, ಪೆಟ್ರೋಲ್ ಬಂಕಲ್ಲಿ ಐದು ನಿಮಿಷ ನಿಲ್ಲಿಸ್ಬೇಕು ಅಂತ. ಬಂಕಲ್ಲಿ ಸಾಮಾನ್ಯವಾಗಿ ಟಾಯ್ಲೆಟ್ ಇರತ್ತೆ, ನೀವು ಒಬ್ರು ಇಳಿದ್ರೆ ಬಸ್ಸಲ್ಲಿರೋ ಬಾಕಿ ಹೆಂಗಸರೆಲ್ಲ ಇಳೀತಾರೆ, ಎಲ್ಲರೂ ಕಾಯ್ತಾನೇ ಇರ್ತಾರೆ ಯಾರಾದ್ರೂ ಕೇಳ್ಲಿ ಅಂತ. ಇದು ಹೇಳೋಕೆ ನಾಚ್ಕೊಳೋ ವಿಷಯವೇ ಅಲ್ಲ.

ಮಧ್ಯಪ್ರದೇಶದ ಸರ್ಕಾರಿ ಸಾರಿಗೆ ನಿಗಮ 2005ರಲ್ಲೇ ಮುಚ್ಚಿ ಹೋಯ್ತು. ಅಂದಿನಿಂದ ಪರ್ಮಿಟ್ ಪಡೆದ ಪ್ರೈವೇಟ್ ಬಸ್ಸುಗಳೇ. ಪ್ರೈವೇಟ್ ಅಂದ ತಕ್ಷಣ ಬೆಂಗಳೂರಿನ ಸ್ಲೀಪರ್ ಕೋಚ್ ಅನ್ಕೋಬೇಡಿ, ಇವು ನಮ್ಮ ಶಿವಮೊಗ್ಗ ಮಂಗಳೂರು ಕಡೆ ಓಡೋ ಪ್ರೈವೇಟ್ ಲೈನ್ ಬಸ್ ಥರ, ಪ್ರತಿ ಬಸ್ಸಿಗೂ ಹೊರಡೋ ಟೈಮ್ ಫಿಕ್ಸ್ ಇರತ್ತೆ. ಜಬಲ್‌ಪುರದ ಐಎಸ್‌ಬಿಟಿಯಲ್ಲಿ, ಅಂದ್ರೆ ಅಂತರರಾಜ್ಯ ಬಸ್ ಸ್ಟ್ಯಾಂಡಲ್ಲಿ, ಏಜೆಂಟ್ ಒಬ್ಬ ಪೇಪರ್ ಮೇಲೆ ಸೀಟಿನ ಚೌಕ ಬರ್ಕೊಂಡು ಪೆನ್ಸಿಲಲ್ಲಿ ಗುರುತು ಹಾಕ್ತಿರ್ತಾನೆ, ಅವನ ಹತ್ರ ನಿಂತು ಎಷ್ಟನೇ ನಂಬರ್ ಸೀಟು ಅಂತ ಕೇಳಿ ಬರೆಸಿಕೊಂಡ್ರೆ ಆ ಸೀಟು ನಿಮ್ಮದೇ, ಬಂದು ಕೂತ್ಕೊಂಡೋರನ್ನ ಹೆಲ್ಪರ್ರೇ ಎಬ್ಬಿಸ್ತಾನೆ. ಚಾರ್ಜು ಮುಂಚೆನೇ ಕೇಳಿ, ಅಕ್ಕಪಕ್ಕದವರನ್ನೂ ಕೇಳಿ ತಾಳೆ ನೋಡಿ. ಚಿಲ್ಲರೆ ದುಡ್ಡು ಇಟ್ಕೊಳಿ.

ಕಲಬುರಗಿ ಡಿಪೋ:

ನಮಸ್ಕಾರ್ರಿ ಅಕ್ಕೋರೆ. ನಾ ಡ್ರೈವರ್ ಕಂ ಕಂಡಕ್ಟರ್ ಅದೀನ್ರಿ. ಹಿರ್ಯಾರ ಸುದ್ದಿ ಓದಿ ಭಾಳ ಖುಷಿ ಆತು. ನಾವು ಡ್ಯೂಟಿಮ್ಯಾಲ ಊರೂರು ತಿರಗತೀವಿ, ಖರೇ ಅಂದ್ರ ಒಂದೂ ಊರು ನೋಡಿರಂಗಿಲ್ರಿ, ಸ್ಟ್ಯಾಂಡು, ಕ್ಯಾಂಟೀನು, ರೆಸ್ಟ್ ರೂಮು, ಮತ್ತ ಸ್ಟೇರಿಂಗು. ಅವರಿಗೆ ಈಗರ ಕಿಟಕಿ ಕಡಿ ಕುಂದರಾಕ ಸಿಗ್ತದಲ್ರಿ.

ಸೀಟಿನ ವಿಚಾರ ಹೇಳ್ತೀನಿ. ಮಂಡಿ ನೋವಿದ್ದೋರಿಗೆ ಹಿಂದಿನ ಗಾಲಿ ಮ್ಯಾಲಿನ ಸೀಟು ಬ್ಯಾಡ್ರಿ, ಅಲ್ಲಿ ಕಾಲಿಡೂ ಜಾಗ ಎತ್ತರ ಇರ್ತದ, ಮಂಡಿ ಮಡಚೇ ಕುಂದರಬೇಕಾಗ್ತದ, ಹಂಪ್ ಬಂದ್ರ ಕುಕ್ಕರಸ್ತದ. ಮುಂದಿನ ಗಾಲಿ ಹಿಂದಿನ ಗಾಲಿ ನಡುವಿನ ಸೀಟು ಹಿಡೀರಿ, ನಾಲ್ಕನೇದಿಂದ ಆರನೇ ಸಾಲು. ನೀವು ಉತ್ತರಕ್ಕ ಹೊಂಟೀರಿ, ಹಂಗಾಗಿ ಮುಂಜಾನಿ ಬಿಸಿಲು ಬಲಗಡಿ ಬೀಳ್ತದ, ಮಧ್ಯಾಹ್ನದ ಮ್ಯಾಲ ಎಡಗಡಿ. ಮುಂಜಾನಿ ಬಸ್ಸಿಗೆ ಎಡಗಡಿ ಕುಂದರ್ರಿ, ಮಧ್ಯಾಹ್ನದ ಬಸ್ಸಿಗೆ ಬಲಗಡಿ. ಆದ್ರ ಹಿರ್ಯಾರು ಡ್ರೈವರ್ ಇದ್ದೋರು, ಅವರು ಮುಂದ ಇಂಜಿನ್ ಕಡಿನೇ ಕುಂದರ್ತೀನಿ ಅಂತಾರ, ರೋಡ್ ಕಾಣೂದು ಅಲ್ಲೇ. ಆ ಡ್ರೈವರಿಗೆ ನಾನೂ ಡ್ರೈವರ್ ಅಂತ ಒಂದು ಮಾತು ಹೇಳ್ಸ್ರಿ, ಸ್ಟಾಫ್ ಅಂದ್ರ ಯಾವ ರಾಜ್ಯ ಇದ್ರೂ ಮರ್ಯಾದಿ ಕೊಡ್ತಾರ, ಚಾ ಕುಡಿಯಾಕ ಇಳಿದಾಗ ತಾವೇ ಕರೀತಾರ. ಹಳೇ ಐಡಿ ಕಾರ್ಡ್ ಇದ್ರ ಸಂಗಡ ಇಟ್ಕೋರಿ.

ಲಗೇಜು ಒಬ್ಬೊಬ್ಬರಿಗೆ ಒಂದೊಂದೇ ಬ್ಯಾಗು, ತೊಡಿಮ್ಯಾಲ ಇಟ್ಕೊಳ್ಳೂವಂಥದ್ದು. ಡಿಕ್ಕಿಯೊಳಗ ಹಾಕಿದ್ರ ಪ್ರತಿ ಸ್ಟಾಪಿಗೂ ಕಣ್ಣು ಅದರ ಮ್ಯಾಲೇ. ಗುಳಿಗಿ, ಆಧಾರ್, ರೊಕ್ಕ ಮೈಮ್ಯಾಲ ಇರ್ಲಿ. ನಮ್ಮ ಕಡಿಯವರು ಯಾರರ ಇದನ್ನ ಓದಿ ಹೊಂಟ್ರ, ಹೈದರಾಬಾದ್ ಸುತ್ತಾಕೂದು ಬೇಕಾಗಿಲ್ಲ, ಬೀದರಿನಿಂದ ಔರಾದ, ದೇಗಲೂರ, ನಾಂದೇಡ, ಅಲ್ಲಿಂದ ಯವತಮಾಳ ಮ್ಯಾಲಿಂದ ನಾಗಪುರ. ಕಪ್ಪು ಮಣ್ಣಿನ ನಾಡು ಪೂರ್ತಿ ನಮ್ಮಂಗೇ ಅದ, ಊಟಕ್ಕ ಜ್ವಾಳದ ಭಕ್ರಿ ಸಿಗ್ತದ.

ಹಳೇ ಏಳು:

ಕಲಬುರಗಿಯವರೇ, ಬಿಸಿಲಿನ ಲೆಕ್ಕ ತುಂಬಾ ಉಪಯೋಗ. ಉಳಿದ ದಾರಿ ನಾನು ಮುಗಿಸ್ತೀನಿ.

ನಾಗಪುರ ಜಬಲ್‌ಪುರ 270 ಕಿ.ಮೀ. ಹತ್ರ. ಲಖನಾದೌನ್ ಅನ್ನೋ ಊರಲ್ಲಿ 44 ಎಡಕ್ಕೆ ಸಾಗರ, ಝಾನ್ಸಿ, ದಿಲ್ಲಿ ಕಡೆ ಹೋಗತ್ತೆ, ಅಪ್ಪನ ಏಳನೇ ನಂಬರ್ ಮಾತ್ರ ಬಲಕ್ಕೆ ಜಬಲ್‌ಪುರಕ್ಕೆ. ಈಗ ಆ ತುಂಡಿಗೆ 34, ಜಬಲ್‌ಪುರದಿಂದ ರೀವಾ ಕಡೆಗೆ 30, ರೀವಾ ಆಚೆ ಮಂಗವಾನ್‌ನಿಂದ ಮಿರ್ಜಾಪುರಕ್ಕೆ 135. ಹಳೇ ಮೈಲಿಗಲ್ಲು ಈಗ ಸಿಗೋದು ಕಷ್ಟ, ಚತುಷ್ಪಥ ಆದಾಗ ಎಲ್ಲ ಹೋಯ್ತು. ಜಬಲ್‌ಪುರ ಬರೋ ಮುಂಚೆ ತಿಲವಾರಾ ಘಾಟಲ್ಲಿ ನರ್ಮದಾ ದಾಟೋವಾಗ ನೋಡಿ, ಅಲ್ಲಿವರೆಗೂ ಫೋನ್ ನೋಡ್ತಾ ಕೂತಿದ್ದ ಹುಡುಗರೂ ಕೈ ಮುಗೀತಾರೆ, ಹೆಂಗಸರು ಸೆರಗಿನ ಗಂಟು ಬಿಚ್ಚಿ ನಾಣ್ಯ ತೆಗೆದು ಕಿಟಕಿಯಿಂದ ಎಸೀತಾರೆ, ಕಿಟಕಿ ಸಿಗದೇ ಇದ್ದೋರು ನಾಣ್ಯವನ್ನ ಕೈಯಿಂದ ಕೈಗೆ ಕೊಟ್ಟು ಕಿಟಕಿ ಪಕ್ಕದವರಿಂದ ಹಾಕಿಸ್ತಾರೆ. ನಮ್ಮ ಮಾವನ ಕೈಗೂ ಒಬ್ಬರು ಅಜ್ಜಿ ಕೊಟ್ಟಿದ್ರು. ಜಬಲ್‌ಪುರದಲ್ಲೂ ಒಂದು ದಿನ ಉಳ್ಕೊಂಡು ಭೇಡಾಘಾಟ್ ನೋಡಿ ಬನ್ನಿ, ಧುವಾಂಧಾರ್ ಜಲಪಾತ, ಅಮೃತಶಿಲೆ ಬಂಡೆಗಳ ಮಧ್ಯೆ ದೋಣಿ. ಖೋವಾ ಜಿಲೇಬಿ ತಿನ್ನಿ, ಕಪ್ಪಗಿರತ್ತೆ, ನಮ್ಮ ಜಿಲೇಬಿಗಿಂತ ಮೆತ್ತಗೆ.

ಜಬಲ್‌ಪುರ ಕಟನಿ ಮಧ್ಯೆ ಸ್ಲೀಮನಾಬಾದ್ ಅಂತ ಒಂದೂರು. ದಾರಿಹೋಕರ ಕುತ್ತಿಗೆಗೆ ಬಟ್ಟೆ ಬಿಗಿದು ಕೊಲ್ತಿದ್ದ ಥಗ್ಗರನ್ನ 1830ರ ಸುಮಾರಿಗೆ ಹಿಡಿದು ಹಾಕಿದ ಸ್ಲೀಮನ್ ಅನ್ನೋ ಅಧಿಕಾರಿ ಹೆಸರಿಂದ ಬಂದದ್ದು. ಈಗ ಅದೇ ದಾರೀಲಿ ಸ್ಕೂಲ್ ಮಕ್ಕಳು ಬಸ್ ಹತ್ತಿ ಇಳೀತಾ ಇರ್ತಾರೆ.

ಮೈಹರಲ್ಲಿ ಇಳಿಯೋದು ಬಿಡೋದು ನಿಮ್ಮ ತಂದೆಯವರ ಮಂಡಿ ಮೇಲೆ. ಶಾರದಾ ದೇವಿ ಗುಡ್ಡಕ್ಕೆ 1,063 ಮೆಟ್ಟಿಲು, ಆದ್ರೆ ರೋಪ್‌ವೇ ಇದೆ, ಹಾಗಾಗಿ ಅಪ್ಪಂಗೂ ಆಗತ್ತೆ. ನಂಗೆ ಆ ಊರಂದ್ರೆ ಬೇರೆ ಕಾರಣಕ್ಕೆ ಗೌರವ. ಅಲ್ಲಾವುದ್ದೀನ್ ಖಾನ್ ಸಾಹೇಬರು ಅಲ್ಲಿಯ ಮಹಾರಾಜರ ಆಸ್ಥಾನದಲ್ಲಿದ್ದು ಪಾಠ ಹೇಳಿದ ಊರು, ರವಿಶಂಕರ್ ಕಲಿತದ್ದು ಅಲ್ಲೇ. ಖಾನ್ ಸಾಹೇಬರ ಮಗ ಅಲಿ ಅಕ್ಬರ್ ಖಾನರ ಶಿಷ್ಯರು ನಮ್ಮ ರಾಜೀವ ತಾರಾನಾಥರು. ಮೈಸೂರಲ್ಲಿ ಅವರ ಸರೋದ್ ಎದುರಿಗೆ ಕೂತು ಕೇಳಿದೋರಿಗೆ ಆ ಬಸ್ ಸ್ಟ್ಯಾಂಡ್ ಬೋರ್ಡಲ್ಲಿ ಮೈಹರ್ ಅಂತ ಓದಿದ್ರೆ ಸಾಕು, ಮೈ ಜುಂ ಅನ್ನತ್ತೆ.

ರೀವಾದಲ್ಲಿ ಉಳಿದು, ಮಾರನೇ ದಿನ ಬೇಗ ಹೊರಡಿ. ರೀವಾದಿಂದ ಪ್ರಯಾಗಕ್ಕೆ ಬಸ್ ಜಾಸ್ತಿ, ಅಲ್ಲಿಂದ ಕಾಶಿಗೆ ಉತ್ತರ ಪ್ರದೇಶದ ಸರ್ಕಾರಿ ಬಸ್ ಬೇಕಾದಷ್ಟು. ಆದ್ರೆ ಹಳೇ ಏಳನೇ ನಂಬರಲ್ಲೇ ಹೋಗ್ಬೇಕು ಅಂದ್ರೆ ಹನುಮನಾ, ಮಿರ್ಜಾಪುರ ಮೇಲೆ ಹೋಗಿ. ಬಸ್ ಕಮ್ಮಿ, ಹಿಂದಿನ ಸಂಜೆಯೇ ರೀವಾ ಸ್ಟ್ಯಾಂಡಲ್ಲಿ ಟೈಮ್ ಕೇಳಿಟ್ಕೊಳಿ. ಡ್ರಮಂಡ್‌ಗಂಜ್ ಘಾಟಿ ಇಳಿದ್ರೆ ವಿಂಧ್ಯ ಮುಗೀತು, ಆಮೇಲೆ ಎಲ್ಲ ಗಂಗೆ ಬಯಲು. ಮಿರ್ಜಾಪುರದಲ್ಲಿ ಬಸ್ ಬದಲಾಯಿಸ್ಬೇಕಾಗಬಹುದು, ಅಲ್ಲಿಂದ ಕಾಶಿ ಎರಡು ಮೂರು ಗಂಟೆ.

ಕಾಶೀಲಿ ಬಸ್ಸು ಕ್ಯಾಂಟ್ ಸ್ಟ್ಯಾಂಡಿಗೆ ಬರತ್ತೆ, ರೈಲ್ವೆ ಸ್ಟೇಷನ್ ಪಕ್ಕ. ಅಲ್ಲಿಂದ ಗೋದೌಲಿಯಾ ಕಡೆಗೆ ಆಟೋ, ಕೊನೆಯ ಸ್ವಲ್ಪ ದೂರ ಗಾಡಿ ಬಿಡಲ್ಲ, ಸೈಕಲ್ ರಿಕ್ಷಾ ಇಲ್ಲಾಂದ್ರೆ ನಡಿಗೆ. ಗೋದೌಲಿಯಾ ಹತ್ರ ಜಂಗಮವಾಡಿ ಮಠ, ಅಲ್ಲಿ ಕನ್ನಡದವರು ಯಾವಾಗಲೂ ಇರ್ತಾರೆ, ಉಳ್ಕೊಳೋಕೆ ಮುಂಚೆನೇ ಫೋನ್ ಮಾಡಿ ಕೇಳಿ.

ಬಾಗೇಪಲ್ಲಿ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ವಿಜಯದಶಮಿ ಆದ ಮೇಲೆ ನಾಗಪುರ ಬರೋ ಹಾಗೆ ಇಟ್ಕೊಂಡಿದೀವಿ, ಇನ್ನೊಂದು ವಾರ ರಜಾ ಹಾಕ್ತೀನಿ, ಎಚ್‌ಎಂ ಒಪ್ಪಿದ್ದಾರೆ. ಮಿರ್ಜಾಪುರದ ಮೇಲೇ ಹೋಗೋದು, ಅದರಲ್ಲಿ ಅಪ್ಪ ಮಾತು ಬದಲಾಯಿಸಲ್ಲ. ಹಳೇ ಐಡಿ ಕಾರ್ಡ್ ಹುಡುಕ್ತಾ ಇದ್ದಾರೆ. ವಾಪಸ್ ರೈಲಿಗೆ ಟಿಕೆಟ್ ಬುಕ್ ಮಾಡ್ತೀನಿ. ವಿದರ್ಭದಲ್ಲಿ ಕನ್ನಡಿಗ ಸರ್, ನಾಗಪುರದಲ್ಲಿ ಜಬಲ್‌ಪುರ ಬಸ್ ನಿಲ್ಲೋ ಜಾಗ ನಿಮಗೆ ಬಿಡುವಾದಾಗ ಒಂದ್ಸಲ ನೋಡಿ ಹೇಳ್ತೀರಾ?

ವಿದರ್ಭದಲ್ಲಿ ಕನ್ನಡಿಗ:

ಖಂಡಿತ ಮೇಡಂ. ನೀವು ಆದಿಲಾಬಾದ್ ಬಿಡೋ ಹಿಂದಿನ ದಿನ ಇಲ್ಲೇ ಒಂದು ಮೆಸೇಜ್ ಹಾಕಿ, ನಾನೇ ಹೋಗಿ ಟೈಮು ನೋಡ್ಕೊಂಡು ಬಂದು ಬರೀತೀನಿ. ನಡು ಸಾಲಲ್ಲಿ ಎರಡು ಸೀಟು ಬೇಕಾ, ಅಥವಾ ಅಪ್ಪನಿಗೆ ಮುಂದೆ ಇಂಜಿನ್ ಪಕ್ಕನೇ ಆಗ್ಬೇಕಾ, ಅದನ್ನೂ ಕೇಳಿ ಹೇಳಿ.